ಟ್ಯೂಬಿಂಗನ್ನಿನ ಗಡಿಯಾರಗಳು

ರಾತ್ರಿ ಊಟವಾದ ಮೇಲೆ ನಾನು ನುಂಗುವ ಮಾತ್ರೆಯಲ್ಲಿರುವ ಲಿಥಿಯಂ ಅನ್ನು, ನನಗೆ ಕಾಯಿಲೆ ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ, ಜರ್ಮನಿಯಲ್ಲೊಬ್ಬರು ಹೂವಿಗೆ ಕುಡಿಸಿ ನೋಡಿದ್ದರು. ಹೂವು ಕಲಾಂಚೊ, ಊರು ಟ್ಯೂಬಿಂಗನ್. ಪ್ರಯೋಗದ ವರದಿ ಅಚ್ಚಾದದ್ದು 1973ರಲ್ಲಿ. ಬಾಟನಿ ಪಾಠ ಮಾಡಿಯೇ ನಿವೃತ್ತಳಾದ ನನಗೆ ಕಲಾಂಚೊ ಹೊಸ ಗಿಡವೇನಲ್ಲ. ನರ್ಸರಿಯವರು ಕುಂಡದಲ್ಲಿ ಮಾರುವ ಆ ಪುಟ್ಟ ಕೆಂಪು ಹೂವಿನ ದಾಯಾದಿಯೇ ನಮ್ಮ ಹಿತ್ತಲಿನ ಕಾಡುಬಸಳೆ. ಕಿಡ್ನಿ ಕಲ್ಲಿಗೆ ಒಳ್ಳೆಯದೆಂದು ಅಕ್ಕಪಕ್ಕದವರು ಬಂದು ಅದರ ಎಲೆ ಕಿತ್ತುಕೊಂಡು ಹೋಗುತ್ತಾರೆ. ನಾನು ಎಲೆಯಂಚಿನಲ್ಲಿ ಮರಿಗಿಡ ಮೂಡುವುದನ್ನು ಬಿಎಸ್ಸಿ ಹುಡುಗರಿಗೆ ತೋರಿಸುತ್ತಿದ್ದೆ. ಆ ಕುಲದ ಹೂವಿಗೂ ನನ್ನ ತಲೆಗೂ ಒಂದೇ ಔಷಧಿ ಬಿದ್ದಿದೆ ಎಂದು ತಿಳಿದ ಮೇಲೆ ಆ ಊರಿನ ಚರಿತ್ರೆ ಹುಡುಕಿ ಓದುವುದು ಒಂದು ಗೀಳೇ ಆಯಿತು. ಗೀಳು ಎಂಬ ಮಾತನ್ನು ನನ್ನಂಥವರು ಹುಷಾರಾಗಿ ಬಳಸಬೇಕು. ಹಗಲು ಹೊತ್ತಿನಲ್ಲಿ ಮಾತ್ರ ಓದುತ್ತೇನೆ.

ನನ್ನ ಕಾಯಿಲೆ ಬೈಪೋಲಾರ್. ಒಮ್ಮೆ ಉನ್ಮಾದ, ಒಮ್ಮೆ ಖಿನ್ನತೆ, ನಡುವೆ ಸರಿಯಾಗಿರುವ ವರ್ಷಗಳು. ಉನ್ಮಾದದಲ್ಲಿ ನಿದ್ದೆ ಬೇಡವಾಗುತ್ತದೆ, ಖಿನ್ನತೆಯಲ್ಲಿ ಹಾಸಿಗೆ ಬಿಟ್ಟೇಳಲಾಗುವುದಿಲ್ಲ, ಇಲ್ಲವೇ ನಸುಕಿಗೆ ಮುಂಚೆಯೇ ಎಚ್ಚರವಾಗಿ ಸೂರು ನೋಡುತ್ತ ಬಿದ್ದಿರಬೇಕಾಗುತ್ತದೆ. ಇಷ್ಟು ವೈದ್ಯರಿಗೆ ಹಿಂದಿನಿಂದಲೂ ಗೊತ್ತಿತ್ತು. ನಿದ್ದೆ ಕೆಟ್ಟದ್ದರಿಂದಲೇ ರೋಗ ಕೆರಳಬಹುದು, ನಿದ್ದೆಯ ಹೊತ್ತನ್ನು ಹಿಡಿದು ಕಟ್ಟಿದರೆ ರೋಗವೂ ಹತೋಟಿಗೆ ಬರಬಹುದು ಎನ್ನುವ ತಿಳಿವಳಿಕೆ ಮಾತ್ರ ಈಚಿನದು. ಅದರ ದೊಡ್ಡ ಪಾಲು ನೆಕರ್ ನದಿ ದಡದ ಈ ಊರಿನಿಂದ ಬಂತು. ಅದೂ ಗಿಡ ನೋಡುವವರಿಂದ ಮತ್ತು ರೋಗಿಗಳಿಂದ. ಮನೋವೈದ್ಯರು ಆಮೇಲೆ ಬಂದು ಕೂಡಿಕೊಂಡರು. ಹೀಗೆಂದು ನನ್ನ ಡಾಕ್ಟರಿಗೆ ಹೇಳಿದಾಗ ಅವರು ನಕ್ಕರು, ಇಲ್ಲವೆನ್ನಲಿಲ್ಲ.

ಟ್ಯೂಬಿಂಗನ್ ಹಳೆಯ ವಿಶ್ವವಿದ್ಯಾಲಯದ ಊರು, ಸ್ಥಾಪನೆ 1477ರಲ್ಲಿ. ಬುದ್ಧಿ ಕದಡಿದವರ ಕಥೆ ಅಲ್ಲಿ ಕವಿ ಹೋಲ್ಡರ್ಲಿನ್‌ನಿಂದ ಶುರುವಾಗುತ್ತದೆ. 1806ರಲ್ಲಿ ಆತನನ್ನು ಬಲವಂತವಾಗಿ ಅಲ್ಲಿನ ಔಟೆನ್‌ರೀಟ್ ಎಂಬ ವೈದ್ಯರ ಆಸ್ಪತ್ರೆಗೆ ಸೇರಿಸಿದರು. ಕೂಗಾಡುವ ರೋಗಿಗಳ ಬಾಯಿ ಕಟ್ಟಲು ಮುಖವಾಡವೊಂದನ್ನು ಮಾಡಿಸಿದ ವೈದ್ಯ ಈತ. ಗುಣವಾಗುವುದಿಲ್ಲ ಎಂದು ಹೇಳಿ ಮರುವರ್ಷ ಕವಿಯನ್ನು ಹೊರಗೆ ಕಳಿಸಿದಾಗ ಮನೆಗೆ ಕರೆದುಕೊಂಡವನು ತ್ಸಿಮ್ಮರ್ ಎಂಬ ಬಡಗಿ. ಹೊಳೆದಂಡೆಯ ಗೋಪುರದ ಕೋಣೆಯಲ್ಲಿ ಹೋಲ್ಡರ್ಲಿನ್ 36 ವರ್ಷ ಬದುಕಿದ, 1843ರಲ್ಲಿ ಸತ್ತ. ಆತನಿಗಿದ್ದ ಕಾಯಿಲೆ ಯಾವುದೆಂದು ಈಗ ಕೂತು ಹೆಸರಿಡುವ ಚಪಲ ನನಗಿಲ್ಲ. ಆಸ್ಪತ್ರೆ ಕೈಬಿಟ್ಟವನನ್ನು ಒಂದು ಬಡಗಿ ಮನೆಯ ಊಟ ನಿದ್ದೆಗಳ ಲೆಕ್ಕಾಚಾರ ಅಷ್ಟು ವರ್ಷ ಕಾಪಾಡಿತು ಎಂಬುದಷ್ಟೇ ನನಗೆ ಮುಖ್ಯ.

ಗಡಿಯಾರದ ಕಥೆಗೆ ಬರಬೇಕಾದರೆ ಸ್ವಲ್ಪ ಹೊತ್ತು ಈ ಊರು ಬಿಟ್ಟು ಫ್ರಾಂಕ್‌ಫರ್ಟಿಗೆ ಹೋಗಬೇಕು. ಗಿಡಗಳಿಗೆ ಹಗಲು ರಾತ್ರಿಯ ಅರಿವಿದೆ ಎಂಬುದು ಹಳೆಯ ಮಾತು. 1729ರಲ್ಲೇ ಫ್ರಾನ್ಸಿನ ದ ಮೇರಾನ್ ಎಂಬ ಖಗೋಳಜ್ಞ ಮುಟ್ಟಿದರೆ ಮುನಿ ಗಿಡವನ್ನು ಕತ್ತಲಲ್ಲಿಟ್ಟು, ಬಿಸಿಲು ಕಾಣದಿದ್ದರೂ ಅದು ಹೊತ್ತಿಗೆ ಸರಿಯಾಗಿ ಎಲೆ ಬಿಚ್ಚಿ ಮುಚ್ಚುವುದನ್ನು ಗಮನಿಸಿದ್ದ. ಗಿಡದೊಳಗೇ ಗಡಿಯಾರವಿದೆಯೋ, ಹೊರಗಿನ ಕಾಣದ ಶಕ್ತಿಯೇನಾದರೂ ಹೊತ್ತು ತಿಳಿಸುತ್ತಿದೆಯೋ ಎಂಬ ವಾದ ಮಾತ್ರ ಇನ್ನೂರು ವರ್ಷ ಎಳೆಯಿತು. 1920ರ ದಶಕದ ಕೊನೆಯಲ್ಲಿ ಫ್ರಾಂಕ್‌ಫರ್ಟಿನಲ್ಲಿ ಫ್ರೀಡ್ರಿಶ್ ಡೆಸ್ಸೌವರ್ ಎಂಬ ಭೌತವಿಜ್ಞಾನಿಗೆ, ಗಾಳಿಯಲ್ಲಿನ ವಿದ್ಯುತ್ ಕಣಗಳು ಜೀವಿಗಳ ಮೇಲೆ ಏನು ಮಾಡುತ್ತವೆ ಎಂದು ತಿಳಿಯುವ ಆಸೆ. ಆ ಕೆಲಸಕ್ಕೆ ಸೇರಿದವರಲ್ಲಿ ಎರ್ವಿನ್ ಬ್ಯೂನಿಂಗ್, ಕುರ್ಟ್ ಸ್ಟರ್ನ್ ಇಬ್ಬರು. ಬ್ಯೂನಿಂಗ್‌ಗೆ ಆಗಿನ್ನೂ ಇಪ್ಪತ್ತು ದಾಟಿದ ವಯಸ್ಸು.

ಹ್ಯಾಂಬರ್ಗಿನಲ್ಲಿ ರೋಸ್ ಸ್ಟೊಪ್ಪೆಲ್ ಎಂಬ ಸಸ್ಯಶಾಸ್ತ್ರಜ್ಞೆ ಬೀನ್ಸ್ ಗಿಡಗಳನ್ನು ಕತ್ತಲ ಕೋಣೆಯಲ್ಲಿಟ್ಟು ನೋಡುತ್ತಿದ್ದರು. ಬೀನ್ಸ್ ಎಲೆ ಹಗಲು ಏಳುತ್ತದೆ, ರಾತ್ರಿ ಜೋಲುತ್ತದೆ. ಅವರ ಗಿಡಗಳ ಎಲೆಗಳು ಕತ್ತಲಲ್ಲೂ ನಸುಕಿನ ಮೂರು ನಾಲ್ಕು ಗಂಟೆ ಹೊತ್ತಿಗೆ ಪೂರ್ತಿ ಜೋತುಬೀಳುತ್ತಿದ್ದವು. ಹೊರಗಿನ ಯಾವುದೋ ಶಕ್ತಿಯೇ ಕಾರಣವೆಂದು ಅವರ ನಂಬಿಕೆ. ಸ್ಟೊಪ್ಪೆಲ್ ಫ್ರಾಂಕ್‌ಫರ್ಟಿಗೂ ಬಂದು ಕೆಲವು ವಾರ ಜೊತೆಗೆ ಕೆಲಸ ಮಾಡಿದರು; ಅಲ್ಲೂ ಎಲೆಗಳು ಅದೇ ಹೊತ್ತಿಗೆ ಜೋತವು. ಅವರು ಹೊರಟುಹೋದ ಮೇಲೆ ಗಿಡಗಳ ಹೊತ್ತೇ ಬದಲಾಯಿತು! ಬ್ಯೂನಿಂಗ್, ಸ್ಟರ್ನ್ ಇಬ್ಬರೂ ತಲೆ ಕೆರೆದುಕೊಂಡರು. ಕೊನೆಗೆ ಗುಟ್ಟು ಸಿಕ್ಕಿತು. ಸ್ಟೊಪ್ಪೆಲ್ ಮುಂಜಾನೆ ಎದ್ದು ನೀರು ಹಾಕುವವರು, ಇವರು ಮಧ್ಯಾಹ್ನದ ಮೇಲೆ ಬರುವವರು. ನೀರು ಹಾಕುವಾಗ ಹಿಡಿಯುತ್ತಿದ್ದದ್ದು ಕೆಂಪು ದೀಪ. ಕೆಂಪು ಬೆಳಕು ಗಿಡಕ್ಕೆ ಏನೂ ಮಾಡುವುದಿಲ್ಲವೆಂದು ಆಗ ಎಲ್ಲರೂ ತಿಳಿದಿದ್ದರು. ಗಿಡ ಮಾತ್ರ ಆ ದೀಪ ನೋಡಿಯೇ ತನ್ನ ಬೆಳಗನ್ನು ಹೊಂದಿಸಿಕೊಳ್ಳುತ್ತಿತ್ತು.

ಆಮೇಲೆ ಗಿಡಗಳನ್ನು ಸ್ಟರ್ನ್ ಮನೆಯ ಆಲೂಗಡ್ಡೆ ನೆಲಮಾಳಿಗೆಗೆ ಇಳಿಸಿದರು. ಕೆಂಪು ದೀಪವೂ ಇಲ್ಲ. ಎಲೆಗಳು ಏಳುವುದು ಜೋಲುವುದು ನಿಲ್ಲಲಿಲ್ಲ, ಆದರೆ ಒಂದು ಸುತ್ತಿಗೆ ಹಿಡಿದದ್ದು 25.4 ಗಂಟೆ. ದಿನದಿನಕ್ಕೂ ಒಂದೂವರೆ ಗಂಟೆಯಷ್ಟು ತಡ. ಭೂಮಿಯ ಜೊತೆ ತಿರುಗುವ ಯಾವ ಶಕ್ತಿಯೂ 25.4 ಗಂಟೆಗೊಮ್ಮೆ ಬರುವುದಿಲ್ಲ. ಗಡಿಯಾರ ಗಿಡದೊಳಗೇ ಇದೆ. ಅದು ಸ್ವಲ್ಪ ತಪ್ಪು ಹೊತ್ತು ತೋರಿಸುವ ಗಡಿಯಾರ, ದಿನಾ ಬೆಳಕು ಬಂದು ಮುಳ್ಳು ಸರಿಪಡಿಸಬೇಕು. ತರಗತಿಯಲ್ಲಿ ಇದನ್ನು ಹೇಳುವಾಗಲೆಲ್ಲ ನಾನು ಪಠ್ಯಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದೆ. ನೀರು ಹಾಕಲು ತಡವಾಗಿ ಬಂದವರಿಂದ ಒಂದು ಶಾಸ್ತ್ರವೇ ಹುಟ್ಟಿದ್ದು ಹುಡುಗರಿಗೂ ಬಹಳ ಇಷ್ಟ.

ಮುಂದಿನದನ್ನು ಹೇಳದೆ ಬಿಟ್ಟರೆ ಚರಿತ್ರೆಗೆ ಮೋಸ. ನಾಜಿಗಳು ಅಧಿಕಾರಕ್ಕೆ ಬಂದರು. ಡೆಸ್ಸೌವರ್ ಜೈಲು ಕಂಡು ಇಸ್ತಾಂಬುಲ್‌ಗೆ ಹೋದರು, ಸ್ಟರ್ನ್ ಕೂಡ ದೇಶ ಬಿಡಬೇಕಾಯಿತು. 1933ರ ಜುಲೈನಲ್ಲಿ ಬಂದ ಕಡ್ಡಾಯ ಸಂತಾನಹರಣದ ಕಾನೂನಿನಲ್ಲಿ ಯಾರ್‍ಯಾರಿಗೆ ಶಸ್ತ್ರಚಿಕಿತ್ಸೆ ಮಾಡಬೇಕೆಂಬ ಪಟ್ಟಿಯಿತ್ತು. ಸ್ಕಿಜೋಫ್ರೇನಿಯ, ಅಪಸ್ಮಾರ, ಹುಟ್ಟು ಕುರುಡು ಕಿವುಡುಗಳ ಜೊತೆಗೆ ನನ್ನ ಕಾಯಿಲೆಯೂ ಇತ್ತು. ಟ್ಯೂಬಿಂಗನ್ನಿನ ಮನೋರೋಗ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ರಾಬರ್ಟ್ ಗೌಪ್ ಇಂಥ ಶಸ್ತ್ರಚಿಕಿತ್ಸೆಯ ಪರವಾಗಿ 1920ರ ದಶಕದಲ್ಲೇ ಬರೆದಿದ್ದವರು. ಅದೇ ಸೀಮೆಯ ಗ್ರಾಫೆನೆಕ್ ಎಂಬ ಕೋಟೆಮನೆಯಲ್ಲಿ 1940ರ ಒಂದೇ ವರ್ಷದಲ್ಲಿ ಆಸ್ಪತ್ರೆ ಆಶ್ರಮಗಳಿಂದ ಬಸ್ಸಿನಲ್ಲಿ ತಂದ 10,654 ಜನರನ್ನು ವಿಷಾನಿಲ ಕೊಟ್ಟು ಕೊಂದರು. ಅವರಲ್ಲಿ ಲಿಥಿಯಂ ಕೈಗೆ ಬರುವ ಮೊದಲು ಹುಟ್ಟಿದ ನನ್ನಂಥವರೂ ಇದ್ದಿರಬೇಕು.

ಬ್ಯೂನಿಂಗ್ 1946ರಲ್ಲಿ ಟ್ಯೂಬಿಂಗನ್ನಿಗೆ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. ಹೂ ಬಿಡುವ ಕಾಲವನ್ನು ಗಿಡ ಈ ಒಳಗಡಿಯಾರದಿಂದಲೇ ಅಳೆಯುತ್ತದೆ ಎಂದು ಅವರು 1936ರಲ್ಲೇ ಬರೆದಿದ್ದರು. ಬಹುಕಾಲ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1958ರಲ್ಲಿ ಅವರ ಗಡಿಯಾರದ ಪುಸ್ತಕ ಬಂದ ಮೇಲೆ ದೇಶದೇಶದಿಂದ ಹುಡುಗರು ಅಲ್ಲಿಗೆ ಬರತೊಡಗಿದರು.

ಅದೇ ಊರಿನ ಮನೋರೋಗ ಆಸ್ಪತ್ರೆಗೆ 1960ರ ಹೊತ್ತಿಗೆ ವಾಲ್ಟರ್ ಶುಲ್ಟೆ ಮುಖ್ಯಸ್ಥರಾದರು. ಅವರ ಕಿವಿಗೆ ಬಿದ್ದಿದ್ದ ಒಂದು ಸಂಗತಿ ಮನೋವೈದ್ಯದ ಪುಸ್ತಕಗಳಲ್ಲಿ ಈಗ ಪುರಾಣದಂತೆ ಉಳಿದುಬಿಟ್ಟಿದೆ. ಖಿನ್ನತೆ ಅಡರಿದಾಗ ರಾತ್ರಿಯಿಡೀ ಮಲಗದೆ ಸೈಕಲ್ ತುಳಿದು, ಬೆಳಗಾಗುವಷ್ಟರಲ್ಲಿ ಮನಸ್ಸು ಹಗುರಾಗಿ ಮನೆಗೆ ಬರುತ್ತಿದ್ದ ರೋಗಿಯ ಕಥೆ ಅದು. ಯಾವ ವೈದ್ಯರೂ ಹಾಗೆ ಮಾಡು ಎಂದಿರಲಿಲ್ಲ. ಸಂಕಟ ತಡೆಯಲಾರದೆ ತಾನಾಗಿ ಕಂಡುಕೊಂಡ ಉಪಾಯ. ಶುಲ್ಟೆ ಅದನ್ನು ನಕ್ಕು ತಳ್ಳಿಹಾಕದೆ ಬರೆದಿಟ್ಟರು. ಅವರ ಕೈಕೆಳಗಿದ್ದ ಬುರ್ಕ್‌ಹಾರ್ಟ್ ಪ್ಫ್ಲೂಗ್ ಮತ್ತು ರೈನರ್ ಟೋಲ್ಲೆ ಖಿನ್ನತೆಯ ರೋಗಿಗಳನ್ನು ವಾರ್ಡಿನಲ್ಲಿ ಒಂದು ರಾತ್ರಿ ಪೂರ್ತಿ ಎಚ್ಚರವಿರಿಸಿ ನೋಡಿ 1971ರಲ್ಲಿ ವರದಿ ಮಾಡಿದರು. ತಿಂಗಳುಗಟ್ಟಲೆ ಮಾತ್ರೆಗೆ ಬಗ್ಗದ ಖಿನ್ನತೆ ಹಲವರಲ್ಲಿ ಒಂದು ಜಾಗರಣೆಗೆ ಕರಗುತ್ತಿತ್ತು. ಮುಂದೆ ಬೇರೆ ಬೇರೆ ದೇಶಗಳ ಪ್ರಯೋಗಗಳನ್ನು ಒಟ್ಟುಹಾಕಿ ನೋಡಿದಾಗಲೂ 100ಕ್ಕೆ ಸುಮಾರು 60 ಜನರಿಗೆ ಬೆಳಗಾಗುವುದರೊಳಗೆ ಗುಣ ಕಂಡಿತ್ತು. ಆದರೆ ಒಂದು ತೊಡಕು: ಮರುದಿನ ಒಂದು ನಿದ್ದೆ ತೆಗೆದರೆ ಹೆಚ್ಚಿನವರಿಗೆ ಖಿನ್ನತೆ ಹೋದ ದಾರಿಯಲ್ಲೇ ವಾಪಸು.

ಇನ್ನೊಂದು ತೊಡಕೂ ಇತ್ತು, ಅದು ನನ್ನಂಥವರದ್ದು. ಬೈಪೋಲಾರ್ ಇರುವವರನ್ನು ಹೀಗೆ ಎಚ್ಚರವಿರಿಸಿದರೆ ಕೆಲವರು ಖಿನ್ನತೆಯಿಂದ ಮೇಲೆದ್ದು ಅಲ್ಲಿಗೇ ನಿಲ್ಲದೆ ಉನ್ಮಾದಕ್ಕೆ ಜಿಗಿದುಬಿಡುತ್ತಿದ್ದರು. ಇದು ನನಗೆ ಯಾವ ವರದಿಯಿಂದಲೂ ತಿಳಿಯಬೇಕಿರಲಿಲ್ಲ. ನನ್ನ ಮೊದಲ ಉನ್ಮಾದ ಶುರುವಾದದ್ದು ನಾದಿನಿಯ ಮದುವೆಮನೆಯಲ್ಲಿ. ಸಾಗರದ ಕಡೆಯ ಮನೆ, ಅಂಗಳಕ್ಕೆ ಅಡಕೆ ದಬ್ಬೆಯ ಚಪ್ಪರ, ದಿನವಿಡೀ ಬಂದು ಹೋಗುವ ನೆಂಟರು, ರಾತ್ರಿ ಬಾಳೆಲೆ ಒರೆಸುವುದು, ಹೂ ಕಟ್ಟುವುದು, ಅಡಿಗೆ ಭಟ್ಟರಿಗೆ ಕಾಯಿ ತುರಿದು ಕೊಡುವುದು. ಎಲ್ಲರಿಗೂ ಸುಸ್ತು, ನನಗೆ ಮಾತ್ರ ಹುರುಪು. ನಡುರಾತ್ರಿ ಕೂತು ನೆಂಟರ ಪಟ್ಟಿಯನ್ನು ಅಕ್ಷರಮಾಲೆಯ ಪ್ರಕಾರ ಮೂರು ಬಣ್ಣದ ಶಾಯಿಯಲ್ಲಿ ಬರೆದೆ. ಬೆಳಗಿನ ಜಾವ ಹಿತ್ತಲಿನ ಗಿಡಗಳಿಗೆಲ್ಲ ಲ್ಯಾಟಿನ್ ಹೆಸರಿನ ಚೀಟಿ ಕಟ್ಟಿದೆ. ನಮ್ಮ ಅತ್ತೆ ಬಂದವರ ಮುಂದೆಲ್ಲ ಸೊಸೆಯ ಚುರುಕನ್ನು ಹೊಗಳಿದರು. ಮದುವೆ ಮುಗಿದು ಮನೆಯೆಲ್ಲ ಮಲಗಿತು, ನಾನು ಮಲಗಲಿಲ್ಲ. ಚೀಟಿ ಕಟ್ಟುವುದು ಪಕ್ಕದ ಮನೆಯ ತೋಟಕ್ಕೂ, ಅಲ್ಲಿಂದ ರಸ್ತೆ ಬದಿಯ ಮರಗಳಿಗೂ ಹಬ್ಬಿದ ಮೇಲೆ ಯಜಮಾನರಿಗೆ ಅನುಮಾನ ಬಂತು. ಆಸ್ಪತ್ರೆಯಲ್ಲಿ ಮೊದಲು ಕೊಟ್ಟದ್ದು ನಿದ್ದೆಯ ಚುಚ್ಚುಮದ್ದು.

ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಥಾಮಸ್ ವೆರ್ ಮತ್ತು ಜೊತೆಗಾರರು 1987ರಲ್ಲಿ ಬರೆದ ಲೇಖನ ಓದಿದಾಗ ಆ ಮದುವೆಮನೆ ಅರ್ಥವಾಯಿತು. ದುಃಖ, ಸಂಭ್ರಮ, ಬಾಣಂತನ, ಪ್ರಯಾಣ, ರಾತ್ರಿಪಾಳಿ, ಕಾರಣ ಏನೇ ಇರಲಿ, ಉನ್ಮಾದಕ್ಕೆ ಹೋಗುವ ಹಾದಿಗಳೆಲ್ಲ ಕೊನೆಗೆ ನಿದ್ದೆಗೇಡು ಎಂಬ ಒಂದೇ ಓಣಿಯಲ್ಲಿ ಕೂಡುತ್ತವೆ ಎಂಬುದು ಅವರ ವಾದ. ನಿದ್ದೆ ಕಡಿಮೆಯಾದರೆ ಉನ್ಮಾದ ಏರುತ್ತದೆ, ಉನ್ಮಾದ ಏರಿದರೆ ನಿದ್ದೆ ಮತ್ತಷ್ಟು ಕಡಿಮೆ.

ಈಗ ಹೂವಿನ ಸಂಗತಿ. ಲಿಥಿಯಂ ಉನ್ಮಾದವನ್ನು ಇಳಿಸುತ್ತದೆ ಎಂದು 1949ರಲ್ಲಿ ತೋರಿಸಿದವರು ಆಸ್ಟ್ರೇಲಿಯಾದ ಜಾನ್ ಕೇಡ್. ಡೆನ್ಮಾರ್ಕಿನ ಮೋಗೆನ್ಸ್ ಸ್ಕೌ 1954ರಿಂದ ಅದನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿ, ರೋಗ ಮರುಕಳಿಸುವುದನ್ನೂ ಅದು ತಡೆಯುತ್ತದೆ ಎಂದು ಸಾಧಿಸಿದರು. ಹೇಗೆ ತಡೆಯುತ್ತದೆ? ಬಂಡೆಯಿಂದ ಸಿಗುವ ಒಂದು ಸರಳ ಉಪ್ಪು, ಮನಸ್ಸಿಗೂ ಅದಕ್ಕೂ ಏನು ಸಂಬಂಧ? ಬ್ಯೂನಿಂಗ್ ಅವರ ಸಸ್ಯಶಾಸ್ತ್ರ ವಿಭಾಗದ ವೋಲ್ಫ್‌ಗಾಂಗ್ ಎಂಗೆಲ್‌ಮಾನ್ ಈ ಪ್ರಶ್ನೆಯನ್ನು ಕಲಾಂಚೊ ಹೂವಿಗೆ ಕೇಳಿದರು. ಕಲಾಂಚೊ ದಳಗಳು ಹಗಲು ಬಿರಿದು ರಾತ್ರಿ ಮುಚ್ಚುತ್ತವೆ. ಗಿಡದಿಂದ ಕಿತ್ತು ದ್ರಾವಣದಲ್ಲಿ ಇಟ್ಟರೂ, ಹಗಲು ರಾತ್ರಿಯ ಸುಳಿವು ಸಿಗದಂತೆ ಮಾಡಿದರೂ, ದಿನಗಟ್ಟಲೆ ಹಾಗೆಯೇ ಬಿರಿದು ಮುಚ್ಚುತ್ತಲೇ ಇರುತ್ತವೆ. ದ್ರಾವಣಕ್ಕೆ ಲಿಥಿಯಂ ಬೆರೆಸಿದಾಗ ಆ ಸುತ್ತು ನಿಲ್ಲಲಿಲ್ಲ, ನಿಧಾನವಾಯಿತು. ಹೂವಿನ ದಿನ ಉದ್ದವಾಯಿತು. ಬೈಪೋಲಾರ್ ರೋಗಿಗಳ ಒಳಗಡಿಯಾರ ಬೇಗ ಓಡುತ್ತಿರಬಹುದು, ಲಿಥಿಯಂ ಅದರ ಓಟ ತಗ್ಗಿಸಿ ಹಳಿಗೆ ತರುತ್ತಿರಬಹುದು ಎಂದು ಅವರು ಊಹಿಸಿದರು.

ಊಹೆಯನ್ನು ಮನುಷ್ಯರ ಮೇಲೆ ಪರೀಕ್ಷಿಸಬೇಕಾದರೆ ಸೂರ್ಯನನ್ನು ಮರೆಮಾಡಬೇಕು, ಇಲ್ಲವೇ ಮುಳುಗದಂತೆ ಮಾಡಬೇಕು. ಎಂಗೆಲ್‌ಮಾನ್ ಎರಡನೆಯ ದಾರಿ ಹಿಡಿದರು. ಜಾಗರಣೆಯ ಪ್ರಯೋಗ ಮಾಡಿದ್ದ ಪ್ಫ್ಲೂಗ್, ನಾರ್ವೆಯಲ್ಲಿದ್ದ ಭೌತವಿಜ್ಞಾನಿ ಆಂಡರ್ಸ್ ಯೋನ್ಸನ್ ಇವರ ಜೊತೆ ಸೇರಿ, ಉತ್ತರ ಧ್ರುವದ ಹತ್ತಿರದ ಸ್ಪಿಟ್ಸ್‌ಬರ್ಗನ್ ದ್ವೀಪದಲ್ಲಿ, ಬೇಸಿಗೆಯಲ್ಲಿ ಸೂರ್ಯ ಅಸ್ತವಾಗದ ದಿನಗಳಲ್ಲಿ ಆರೋಗ್ಯವಂತ ಸ್ವಯಂಸೇವಕರನ್ನು ಗಡಿಯಾರವಿಲ್ಲದೆ ಇರಿಸಿದರು. ಅವರು ಬೇಕೆನಿಸಿದಾಗ ಮಲಗಬೇಕು, ಎದ್ದಾಗ ಬೆಳಗು. ಮೈಬಿಸಿ, ಓಡಾಟಗಳ ಲೆಕ್ಕ ಇಟ್ಟು, ಲಿಥಿಯಂ ಕೊಟ್ಟು ನೋಡಿದರು. 1979ರಲ್ಲಿ, ಮತ್ತೆ 1983ರಲ್ಲಿ ಫಲಿತಾಂಶ ಅಚ್ಚಾಯಿತು. ಎಲ್ಲರಲ್ಲಿ ಅಲ್ಲ, ಕೆಲವರಲ್ಲಿ ದಿನದ ಸುತ್ತು ಹೂವಿನಲ್ಲಿ ಆದಂತೆಯೇ ಉದ್ದವಾಗಿತ್ತು. ಮಾತ್ರೆ ತೆಗೆದುಕೊಂಡು ಮಂಚದ ಮೇಲೆ ಕೂತಾಗ ಕೆಲವು ಸಲ ನನಗೆ ಆ ದ್ವೀಪದ ಜನ ನೆನಪಾಗುತ್ತಾರೆ. ಕಾಯಿಲೆಯಿಲ್ಲದೆ ಲಿಥಿಯಂ ನುಂಗಿ, ಅದರ ಬಾಯಾರಿಕೆ, ಕೈನಡುಕಗಳ ಸಾಧ್ಯತೆಯನ್ನು ಒಪ್ಪಿಕೊಂಡವರು. ಅವರಿಗೆ ಒಂದು ನಮಸ್ಕಾರ ಹೇಳಬೇಕು.

ಎಂಗೆಲ್‌ಮಾನ್ ಊಹೆ ಪೂರ್ತಿ ಗೆದ್ದಿತು ಎಂದು ಹೇಳಲಾರೆ. ಬೈಪೋಲಾರ್ ಇರುವ ಎಲ್ಲರ ಗಡಿಯಾರವೂ ಬೇಗ ಓಡುವುದಿಲ್ಲ. ಎಷ್ಟೋ ಜನ ತಡವಾಗಿ ಮಲಗಿ ತಡವಾಗಿ ಏಳುವ ಗೂಬೆ ಸ್ವಭಾವದವರು. 1996ರಲ್ಲಿ ಕ್ಲೈನ್ ಮತ್ತು ಮೆಲ್ಟನ್, ಲಿಥಿಯಂ ಜಿಎಸ್‌ಕೆ-3 ಎಂಬ ಕಿಣ್ವವನ್ನು ತಡೆಯುತ್ತದೆ ಎಂದು ತೋರಿಸಿದರು. ಆ ಕಿಣ್ವ ಜೀವಕೋಶದ ಹತ್ತಾರು ಕೆಲಸಗಳಲ್ಲಿ ಕೈಯಾಡಿಸುತ್ತದೆ, ಗಡಿಯಾರದ ಪ್ರೋಟೀನುಗಳೂ ಅದರ ಕೈಗೆ ಸಿಗುತ್ತವೆ. ಲಿಥಿಯಂ ನಮ್ಮನ್ನು ಕಾಯುವುದು ಗಡಿಯಾರದ ಮೂಲಕವೋ ಬೇರೆ ದಾರಿಯಿಂದಲೋ ಎಂಬ ಜಗಳ ಇನ್ನೂ ನಡೆದಿದೆ.

ಈ ಕಥೆ ನಮ್ಮ ಕಡೆಗೂ ಹರಿದು ಬಂತು. 1960ರ ದಶಕದಲ್ಲಿ ಬ್ಯೂನಿಂಗ್ ಅವರ ಬಳಿಗೆ ಮದರಾಸಿನಿಂದ ಹೋದ ಹುಡುಗರಲ್ಲೊಬ್ಬರು ಎಂ. ಕೆ. ಚಂದ್ರಶೇಖರನ್. ಎಂಗೆಲ್‌ಮಾನ್ ಜೊತೆ ಸೇರಿ ಹಣ್ಣುನೊಣಗಳ ಗಡಿಯಾರ ನೀಲಿ ಬೆಳಕಿಗೆ ಹೇಗೆ ಮಣಿಯುತ್ತದೆ ಎಂದು ಅಳೆದವರು ಅವರು. ಆ ಲೇಖನವೂ 1973ರದ್ದೇ. ಊರಿಗೆ ಮರಳಿ ಮಧುರೈ ಕಾಮರಾಜ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವಾಗ ಹತ್ತಿರದ ಗುಹೆಯೊಂದರ ಬಾವಲಿಗಳನ್ನು ಹಿಡಿದರು. ಬೆಳಕೇ ಹೋಗದ ಗುಹೆಯ ಒಳಮೂಲೆಯಲ್ಲಿ ಒಂದು ಬಾವಲಿಯನ್ನು ಪಂಜರದಲ್ಲಿಟ್ಟರೆ ಅದಕ್ಕೆ ಹೊತ್ತು ಗೊತ್ತಾಗುವುದು ಹೇಗೆ? ಅದೇ ಗುಹೆಯ ಸ್ವತಂತ್ರ ಬಾವಲಿಗಳು ಸಂಜೆ ಹೊರಗೆ ಹಾರಿ ನಸುಕಿಗೆ ಮರಳುತ್ತಿದ್ದರೆ ಪಂಜರದ್ದೂ ಅವುಗಳ ಹೊತ್ತಿಗೇ ರೆಕ್ಕೆ ಬಡಿಯುತ್ತಿತ್ತು. ಆ ಗುಂಪಿನ ಸದ್ದಿಲ್ಲದ ಕಡೆ ಇಟ್ಟರೆ ಅದರ ದಿನ ಜಾರಿ ಬೇರೆಲ್ಲಿಗೋ ಹೋಗುತ್ತಿತ್ತು. ಮಾರಿಮುತ್ತು, ರಾಜನ್ ಮತ್ತು ಚಂದ್ರಶೇಖರನ್ ಇದನ್ನು 1981ರಲ್ಲಿ ಪ್ರಕಟಿಸಿದರು. 1990ರ ದಶಕದಲ್ಲಿ ಚಂದ್ರಶೇಖರನ್ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದು ಅಲ್ಲೂ ಗಡಿಯಾರದ ಅಧ್ಯಯನ ಬೇರೂರುವಂತೆ ಮಾಡಿದರು. 2009ರಲ್ಲಿ ತೀರಿಕೊಂಡರು.

ಬಾವಲಿಯ ಲೇಖನ ಬಂದ ಕೆಲವೇ ವರ್ಷಗಳಲ್ಲಿ, 1988ರಲ್ಲಿ, ಅಮೆರಿಕದಲ್ಲಿ ಎಲೆನ್ ಫ್ರಾಂಕ್ ಮತ್ತು ಜೊತೆಗಾರರು ಮನುಷ್ಯರ ಬಗ್ಗೆ ಇಂಥದೇ ಮಾತು ಬರೆದರು. ಗಂಡ ಕಾಫಿ ಕೇಳುವ ಹೊತ್ತು, ಕೆಲಸಕ್ಕೆ ಹೊರಡುವ ಹೊತ್ತು, ಮನೆಮಂದಿ ಕೂಡಿ ಊಟ ಮಾಡುವ ಹೊತ್ತು, ಇವೂ ಗಡಿಯಾರದ ಮುಳ್ಳು ಸರಿಪಡಿಸುತ್ತವೆ. ಇವು ತಪ್ಪಿದಾಗ ಕೆಲವರಲ್ಲಿ ರೋಗ ಏಳುತ್ತದೆ. ಆ ತಂಡ ಪಿಟ್ಸ್‌ಬರ್ಗಿನಲ್ಲಿ ಬೈಪೋಲಾರ್ ರೋಗಿಗಳಿಗೆಂದು ದಿನಚರಿ ಕಟ್ಟುವ ಚಿಕಿತ್ಸೆಯೊಂದನ್ನು ರೂಪಿಸಿ 2005ರಲ್ಲಿ ಫಲಿತಾಂಶ ಕೊಟ್ಟಿತು: ಆ ಚಿಕಿತ್ಸೆ ಪಡೆದವರು ಮುಂದಿನ ಸಲ ಕಾಯಿಲೆ ಬೀಳುವವರೆಗಿನ ಅವಧಿ ಹೆಚ್ಚಾಗಿತ್ತು. ನಿವೃತ್ತಿಯಾದ ವರ್ಷ ಕಾಲೇಜಿನ ಗಂಟೆ ಇಲ್ಲದೆ ನಾನು ತತ್ತರಿಸಿದ್ದು ಇದಕ್ಕೇ. ಈಗ ಬೆಳಿಗ್ಗೆ ಹಾಲಿನ ಡೈರಿಗೆ ನಾನೇ ಹೋಗುತ್ತೇನೆ. ಮಳೆಯಿದ್ದರೂ ಹೋಗುತ್ತೇನೆ. ಡೈರಿಯ ಹುಡುಗ ಬೈಕಿನಲ್ಲಿ ಮನೆಗೇ ತಂದುಕೊಡುತ್ತೇನೆ ಎಂದು ಎಷ್ಟು ಸಲ ಹೇಳಿದರೂ ಬೇಡವೆಂದಿದ್ದೇನೆ. ಕಾರಣ ಹೇಳಿಲ್ಲ, ಅವನು ನನ್ನನ್ನು ಜಿಪುಣಿ ಎಂದುಕೊಂಡಿದ್ದಾನೆ.

ವೆರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ವರ್ಷದಲ್ಲಿ ಮತ್ತೆ ಮತ್ತೆ ಏರಿಳಿಯುತ್ತಿದ್ದ ಒಬ್ಬ ರೋಗಿಗೆ ರಾತ್ರಿ ದೀರ್ಘ ಕತ್ತಲು, ಮೊದಮೊದಲು 14 ಗಂಟೆಯಷ್ಟು, ಕೊಟ್ಟು ಏರಿಳಿತ ನಿಂತದ್ದನ್ನು 1998ರಲ್ಲಿ ವರದಿ ಮಾಡಿದರು. 2016ರಲ್ಲಿ ನಾರ್ವೆಯವರು ಉನ್ಮಾದದಲ್ಲಿ ಆಸ್ಪತ್ರೆ ಸೇರಿದವರಿಗೆ ಸಂಜೆ 6ರಿಂದ ಬೆಳಿಗ್ಗೆ 8ರವರೆಗೆ ನೀಲಿ ಬೆಳಕು ತಡೆಯುವ ಕಿತ್ತಳೆ ಬಣ್ಣದ ಕನ್ನಡಕ ಹಾಕಿಸಿದರು. ಒಂದೇ ವಾರದಲ್ಲಿ ಉನ್ಮಾದ ಗಣನೀಯವಾಗಿ ಇಳಿಯಿತು. ಚಂದ್ರಶೇಖರನ್ ಮತ್ತು ಎಂಗೆಲ್‌ಮಾನ್ ನೊಣಗಳ ಮೇಲೆ ಬಿಟ್ಟ ನೀಲಿ ಬೆಳಕು ನನಗೆ ಇಲ್ಲಿ ಮತ್ತೆ ಕಾಣುತ್ತದೆ. ರಾತ್ರಿ ಊಟವಾದ ಮೇಲೆ ಮೊಮ್ಮಗಳು ಮೊಬೈಲ್ ತಂದು ವಿಡಿಯೊ ತೋರಿಸಿದರೆ ನಾನು ಕಣ್ಣು ಮುಚ್ಚಿಕೊಂಡು ಕೇಳುತ್ತೇನೆ. ಅವಳಿಗೆ ಅದು ಆಟ.

ರಾತ್ರಿಗಳನ್ನು ಬಿಟ್ಟುಕೊಡಬೇಕಾದದ್ದು ಸುಲಭವಾಗಿರಲಿಲ್ಲ. ಶಿವರಾತ್ರಿಗೆ ಉಪವಾಸ ಮಾಡುತ್ತೇನೆ, ಜಾಗರಣೆ ಮಾಡುವುದಿಲ್ಲ; ಅತ್ತೆಯವರು ಬದುಕಿದ್ದಾಗ ನನ್ನ ಪಾಲಿನದನ್ನೂ ಅವರೇ ಕೂತು ಮುಗಿಸುತ್ತಿದ್ದರು. ಹೆಚ್ಚು ನೋವಾದದ್ದು ಬಯಲಾಟ ಬಿಟ್ಟದ್ದಕ್ಕೆ. ಹುಡುಗಿಯಾಗಿದ್ದಾಗಿನಿಂದ ಬೆಳತನಕ ಕೂತು ನೋಡಿದವಳು, ಕೊನೆಯ ಪದ್ಯ ಮುಗಿದು ಬೆಳಕು ಹರಿದ ಮೇಲೆಯೇ ಮನೆಗೆ ನಡೆದವಳು. ಎಷ್ಟೋ ವರ್ಷ ಚೆಂಡೆ ಸದ್ದು ದೂರದಿಂದ ಕೇಳಿದರೆ ಕಿಟಕಿ ಹಾಕಿಕೊಂಡು ಮಲಗಿದ್ದೇನೆ. ಈಗ ಮೇಳಗಳು ಕಾಲಮಿತಿ ಎಂದು ಸಂಜೆ ಶುರುಮಾಡಿ ನಡುರಾತ್ರಿಯೊಳಗೆ ಆಟ ಮುಗಿಸುತ್ತವೆ. ಹಳೆಯ ರಸಿಕರು ಕಲೆ ಕೆಟ್ಟಿತು ಎಂದು ಬೈಯುತ್ತಾರೆ, ಅವರ ಮಾತಿನಲ್ಲಿ ಸತ್ಯವೂ ಇದೆ. ಆದರೆ ಹೋದ ಸಲ ಯಜಮಾನರು ಇಬ್ಬರಿಗೂ ಟಿಕೆಟ್ ತಂದರು, ಮೊದಲ ಪ್ರಸಂಗ ಮುಗಿದದ್ದೇ ಎದ್ದು ಬಂದೆವು. ಮಾತ್ರೆಯ ಹೊತ್ತಿಗೆ ಮನೆಯಲ್ಲಿದ್ದೆ.